ನಿಮಗಿದು ಗೊತ್ತೆ? ರಾಗಿಯ ಸತ್ವ ಬಿಡಿಸುವ ಕಿಣ್ವ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಮುಖ್ಯ ಬೆಳೆ ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಅದಷ್ಟೂ ಮೈಗೆ ಹತ್ತುವುದಿಲ್ಲ. ಕಾಳಿನಲ್ಲಿರುವ ಫೈಟೇಟ್ ಎಂಬ ರಂಜಕದ ಸಂಯುಕ್ತ ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಹಿಡಿತ ಸಡಿಲಿಸುವ ಕಿಣ್ವವೇ ಫೈಟೇಸ್.

● ಅಡುಗೆಮನೆಯಲ್ಲಿ: ರಾಗಿ ಮೊಳಕೆಯೊಡೆದಾಗ ಕಾಳಿನ ಸ್ವಂತ ಫೈಟೇಸ್ ಚುರುಕಾಗುತ್ತದೆ. ಅಂಬಲಿ ಹುಳಿಯಾಗುವಾಗ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳೂ ಈ ಕೆಲಸಕ್ಕೆ ನೆರವಾಗುತ್ತವೆ.

● ಕೋಳಿ ಫಾರಂನಲ್ಲಿ: ಮೆಕ್ಕೆಜೋಳ, ಸೋಯಾ ಹಿಂಡಿಯ ಬಹುಪಾಲು ರಂಜಕ ಫೈಟೇಟ್ ರೂಪದಲ್ಲಿರುತ್ತದೆ. ಅದನ್ನು ಅರಗಿಸುವಷ್ಟು ಫೈಟೇಸ್ ಕೋಳಿಯ ಹೊಟ್ಟೆಯಲ್ಲಿಲ್ಲ. ಆದ್ದರಿಂದ ಇ. ಕೋಲಿ ಬ್ಯಾಕ್ಟೀರಿಯಾ ಮೂಲದ ಫೈಟೇಸನ್ನೂ ಮೇವಿಗೆ ಬೆರೆಸುತ್ತಾರೆ. ಗೊಬ್ಬರದಲ್ಲಿ ರಂಜಕ ಪೋಲಾಗುವುದೂ ತಗ್ಗುತ್ತದೆ.

● ಹೊಲದಲ್ಲಿ: ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜತೆ ಸೇರಿ ಬೇರಿಗೆ ಸಿಗದಂತಾಗುತ್ತದೆ. ಕೆಲವು ಬ್ಯಾಸಿಲಸ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು ಆಮ್ಲ ಸ್ರವಿಸಿ ಅದನ್ನು ಕರಗಿಸುತ್ತವೆ. ಸಾವಯವ ಪದಾರ್ಥದಲ್ಲಿರುವ ರಂಜಕವನ್ನು ಫಾಸ್ಫಟೇಸ್ ಕಿಣ್ವದಿಂದ ಬಿಡಿಸುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ'ನಲ್ಲಿ ರಂಜಕ, ಸತು ಕರಗಿಸುವ ಹಾಗೂ ಸಾರಜನಕ ಸ್ಥಿರೀಕರಿಸುವ ಸೂಕ್ಷ್ಮಜೀವಿಗಳು ಒಟ್ಟಿಗಿವೆ.

ನೆನಪಿಡಿ: ಇಂತಹ ಸೂಕ್ಷ್ಮಜೀವಿ ಮಿಶ್ರಣಗಳು ಜೀವಂತ ಗೊಬ್ಬರ. ಬಿಸಿಲಿಗೆ ಇಡಬೇಡಿ, ರಾಸಾಯನಿಕ ಗೊಬ್ಬರ, ಕೀಟನಾಶಕದೊಂದಿಗೆ ಬೆರೆಸಬೇಡಿ.