ಕಿರುಸಂಗೀತಯಂತ್ರದಲ್ಲಿ ಬದಲಿ ಕಾರ್ಯಾಚರಣ ವ್ಯವಸ್ಥೆ ಮತ್ತು ಕನ್ನಡ ಲಿಪಿಯ ಪ್ರಶ್ನೆ

ಹಾಡುಗಳನ್ನು ತನ್ನೊಳಗೆ ಸಂಗ್ರಹಿಸಿಟ್ಟುಕೊಂಡು ಬೇಕೆಂದಾಗ ಕೇಳಿಸುವ ಅಂಗೈಯಗಲದ ಎಂಪಿ3 ಪ್ಲೇಯರ್ ಕೂಡ ಒಂದು ಗಣಕವೇ ಎಂಬುದು ಅದನ್ನು ಬಳಸುವ ಅನೇಕರಿಗೆ ಹೊಳೆಯುವುದಿಲ್ಲ. ಅದರಲ್ಲಿ ಲೆಕ್ಕ ಮಾಡುವ ಅಂಗವುಂಟು, ಸ್ಮೃತಿಯುಂಟು, ಚಿಕ್ಕದೊಂದು ತೆರೆಯುಂಟು. ಇವೆಲ್ಲವನ್ನೂ ಹೊಂದಿಸಿ ನಡೆಸುವ ಆದೇಶಗಳ ಸಮೂಹವೂ ಉಂಟು. ಈ ಸಮೂಹವನ್ನು ಕಾರ್ಯಾಚರಣ ವ್ಯವಸ್ಥೆಯೆಂದು ಕರೆಯಬಹುದು. ತಯಾರಕರು ಒಳಗಿಟ್ಟು ಕಳುಹಿಸಿದ ವ್ಯವಸ್ಥೆಯನ್ನು ಬದಿಗಿರಿಸಿ ಬೇರೊಂದನ್ನು ಅಲ್ಲಿ ನೆಲೆಗೊಳಿಸುವುದು ಸಾಧ್ಯ. ಹಾಗೆ ನೆಲೆಗೊಳಿಸುವ ಬಗೆ ಯಾವುದು, ಅದರಿಂದ ದೊರೆಯುವ ಪ್ರಯೋಜನವೇನು, ಕನ್ನಡದ ಮಟ್ಟಿಗೆ ಉಳಿದಿರುವ ಕೆಲಸವೇನು ಎಂಬ ಮೂರು ವಿಷಯಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

ಈ ಬಗೆಯ ಬದಲಿ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದುದು ರಾಕ್‌ಬಾಕ್ಸ್. ಫ್ರಾನ್ಸಿನ ಆರ್ಕೋಸ್ ಕಂಪನಿಯ ಜೂಕ್‌ಬಾಕ್ಸ್ ಎಂಬ ಪ್ಲೇಯರಿನ ಮೂಲ ವ್ಯವಸ್ಥೆಯಲ್ಲಿದ್ದ ಕುಂದುಗಳಿಂದ ಬೇಸತ್ತ ಸ್ವೀಡನ್ನಿನ ಬ್ಯೋರ್ನ್ ಸ್ಟೆನ್‌ಬರ್ಗ್ ಮತ್ತು ಅವರ ಸಂಗಡಿಗರು 2001ರ ಕೊನೆಯಲ್ಲಿ ಇದನ್ನು ಆರಂಭಿಸಿದರು. ಆ ಯಂತ್ರಕ್ಕಿದ್ದ ಸ್ಮೃತಿ ಕೇವಲ 2 ಮೆಗಾಬೈಟ್. ಮೊದಲ ಆವೃತ್ತಿ 2002ರಲ್ಲಿ ಹೊರಬಂದಿತು; ಮೂರನೆಯದು 2008ರಲ್ಲಿ, ನಾಲ್ಕನೆಯದು 2025ರಲ್ಲಿ ಬಂದುವು. ಈ ನಡುವೆ ಐರಿವರ್, ಐಪಾಡ್, ಸ್ಯಾನ್‌ಡಿಸ್ಕ್ ಸಾನ್ಸಾ ಮೊದಲಾದ ಹಲವು ಯಂತ್ರಗಳಿಗೆ ಅದು ವಿಸ್ತರಿಸಿತು. ಅದರ ಮೂಲ ಆದೇಶಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಅದೇ ಷರತ್ತಿನ ಮೇಲೆ ಇತರರಿಗೆ ಹಂಚಬಹುದು. ಮುಂದಿನ ವಿವೇಚನೆಗೆ ಈ ಕಡೆಯ ಮಾತೇ ಆಧಾರ.

ನೆಲೆಗೊಳಿಸುವ ಕಾರ್ಯದಲ್ಲಿ ಎರಡು ಭಾಗಗಳುಂಟು. ವಿದ್ಯುತ್ತು ಹರಿದೊಡನೆ ಮೊದಲು ಎಚ್ಚರಗೊಂಡು ಮುಖ್ಯ ವ್ಯವಸ್ಥೆಯನ್ನು ಸ್ಮೃತಿಗೆ ತಂದು ನಿಲ್ಲಿಸುವ ಸಣ್ಣ ಆದೇಶಮಾಲೆಯೊಂದಿದೆ. ಇದನ್ನು ಬೂಟ್‌ಲೋಡರ್ ಎನ್ನುತ್ತಾರೆ. ಇದನ್ನು ಯಂತ್ರದೊಳಗೆ ಸೇರಿಸುವುದು ಮೊದಲನೆಯ ಭಾಗ. ರಾಕ್‌ಬಾಕ್ಸ್‌ನ ಉಳಿದ ಕಡತಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು ಪ್ಲೇಯರಿನ ಸಂಗ್ರಹಕ್ಕೆ ನಕಲು ಮಾಡುವುದು ಎರಡನೆಯ ಭಾಗ. ಇವೆರಡನ್ನೂ ಗಣಕದಿಂದಲೇ ನೆರವೇರಿಸಿಕೊಡುವ ಸಹಾಯಕ ಸಾಧನವೊಂದನ್ನು ರಾಕ್‌ಬಾಕ್ಸ್‌ನವರೇ ಒದಗಿಸಿದ್ದಾರೆ. ಐಪಾಡ್‌ನಂತಹ ಯಂತ್ರಗಳಲ್ಲಿ ಮೂಲ ವ್ಯವಸ್ಥೆ ಅಳಿಯುವುದಿಲ್ಲ. ಗೊತ್ತುಪಡಿಸಿದ ಗುಂಡಿಯನ್ನು ಒತ್ತಿಹಿಡಿದು ಚಾಲನೆ ಮಾಡಿದರೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ಕಾರ್ಯದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಒಂದೇ ಹೆಸರಿನ ಯಂತ್ರದ ಬೇರೆ ಬೇರೆ ತಲೆಮಾರುಗಳ ಒಳರಚನೆ ಬೇರೆಯಾಗಿರುವುದರಿಂದ ಮಾದರಿಯನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಳ್ಳಬೇಕು. ಬರೆಯುವಿಕೆ ನಡುವೆ ನಿಂತುಹೋದರೆ ಯಂತ್ರ ನಿಷ್ಕ್ರಿಯವಾಗುವ ಸಂಭವವುಂಟು. ಐಪಾಡ್‌ನ ಸಂಗ್ರಹವು ಆ್ಯಪಲ್ ಗಣಕಗಳ ಪದ್ಧತಿಯಲ್ಲಿ ಸಿದ್ಧಗೊಂಡಿದ್ದರೆ ಅದನ್ನು ಮೊದಲು ಫ್ಯಾಟ್32 ಪದ್ಧತಿಗೆ ಬದಲಿಸಬೇಕಾಗುತ್ತದೆ. ಆಗ ಒಳಗಿದ್ದುದೆಲ್ಲ ಅಳಿಸಿಹೋಗುವುದರಿಂದ ಎಲ್ಲ ಧ್ವನಿಕಡತಗಳ ಪ್ರತಿಯನ್ನು ಮುಂಚಿತವಾಗಿಯೇ ಬೇರೆಡೆ ಇರಿಸಿಕೊಳ್ಳತಕ್ಕದ್ದು.

ಇಷ್ಟು ಶ್ರಮದಿಂದ ದೊರೆಯುವುದೇನು? ಐಪಾಡ್‌ನ ಮೂಲ ವ್ಯವಸ್ಥೆ ನುಡಿಸದ ಆಗ್ ವೋರ್ಬಿಸ್, ಫ್ಲ್ಯಾಕ್ ಮೊದಲಾದ ಬಗೆಯ ಕಡತಗಳನ್ನು ರಾಕ್‌ಬಾಕ್ಸ್ ನುಡಿಸುತ್ತದೆ. ತಯಾರಕರ ತಂತ್ರಾಂಶದ ಮಧ್ಯಸ್ಥಿಕೆಯಿಲ್ಲದೆ, ಫೋಲ್ಡರುಗಳನ್ನು ನಮಗೆ ಬೇಕಾದ ಕ್ರಮದಲ್ಲಿ ನೇರವಾಗಿ ಜೋಡಿಸಿಡಬಹುದು. ತಯಾರಿಕೆ ನಿಂತುಹೋದ ಯಂತ್ರಗಳಿಗೂ ಹೊಸ ಆಯುಸ್ಸು ಬರುತ್ತದೆ. ಆ್ಯಪಲ್ ಕಂಪನಿ ಐಪಾಡ್‌ಗಳ ತಯಾರಿಕೆಗೆ 2022ರಲ್ಲಿ ಮಂಗಳ ಹಾಡಿದ ಮೇಲೂ ಹಳೆಯ ಐಪಾಡ್‌ಗಳಿಗಾಗಿ ರಾಕ್‌ಬಾಕ್ಸ್ ಬೆಳೆಯುತ್ತಲೇ ಇದೆ. ಇವೆಲ್ಲಕ್ಕಿಂತ ಹೆಚ್ಚಿನ ಗುಣವೊಂದುಂಟು. ತೆರೆಯ ಮೇಲಿನ ಪಟ್ಟಿಗಳನ್ನೂ ಫೋಲ್ಡರುಗಳ ಹೆಸರುಗಳನ್ನೂ ಧ್ವನಿಯಲ್ಲಿ ಹೇಳಿಸುವ ಏರ್ಪಾಡು ಅದರಲ್ಲಿದೆ. ಕಣ್ಣು ಕಾಣದವರ ಕೈಯಲ್ಲಿ ಮೂಕವಾಗಿದ್ದ ಯಂತ್ರ ಇದರಿಂದ ಮಾತನಾಡತೊಡಗಿತು.

ಇನ್ನು ಕನ್ನಡದ ಪ್ರಶ್ನೆ. ಉತ್ತರ ಬೆಂಗಳೂರಿನ ಊರುಗಳಲ್ಲಿ ಹಿರಿಯರು ಹಾಡಿದ ಪದಗಳನ್ನು ಸಂಶೋಧಕನೊಬ್ಬನು ಧ್ವನಿಮುದ್ರಿಸಿ, ಊರಿಗೊಂದರಂತೆ ಫೋಲ್ಡರು ಮಾಡಿ, ಪ್ಲೇಯರಿನಲ್ಲಿ ಇಟ್ಟಿದ್ದಾನೆಂದು ಊಹಿಸೋಣ. ತುಮಕೂರು ರಸ್ತೆಯ ಮಾಕಳಿ, ಅದರೊಡನೆ ಯಲಹಂಕ, ಯಶವಂತಪುರ, ಹೆಬ್ಬಾಳ ಎಂಬ ನಾಲ್ಕು ಹೆಸರುಗಳನ್ನು ತೆಗೆದುಕೊಳ್ಳಬಹುದು. ಇವನ್ನು ರೋಮನ್ ಲಿಪಿಯಲ್ಲಿ ಬರೆದಿಟ್ಟರೆ ಸಾಲದೇ ಎಂಬ ಆಕ್ಷೇಪ ಬರಬಹುದು. ಸಾಲದು, ಲೆಕ್ಕಪತ್ರಗಳಲ್ಲಿ ರೂಢಿಯಾಗಿರುವ ರೋಮನ್ ಬರವಣಿಗೆಯಲ್ಲಿ ಮಾಕಳಿ, ಮಕಲಿ, ಮಾಕಾಲಿ ಎಂಬ ಮೂರಕ್ಕೂ ಒಂದೇ ರೂಪ. ಊರಿನವರಲ್ಲದವರು ಹೆಸರನ್ನು ತಪ್ಪಾಗಿ ಓದುತ್ತಾರೆ; ಸಂಗ್ರಹದ ಮಟ್ಟಿಗೆ ಆ ತಪ್ಪೇ ದಾಖಲೆಯಾಗಿ ನಿಲ್ಲುತ್ತದೆ.

ರಾಕ್‌ಬಾಕ್ಸ್ ಯೂನಿಕೋಡ್ ಪದ್ಧತಿಯನ್ನು ಅನುಸರಿಸುವುದರಿಂದ ಕನ್ನಡದ ಸಂಕೇತಗಳು ಅದಕ್ಕೆ ಅಪರಿಚಿತವಲ್ಲ. ಅದರ ಫಾಂಟುಗಳು ಚುಕ್ಕೆಗಳಿಂದ ರಚಿತವಾದುವು. ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬುದು ಅವುಗಳ ತತ್ತ್ವ. ಈ ತತ್ತ್ವಕ್ಕೆ ನಮ್ಮ ನಾಲ್ಕು ಹೆಸರುಗಳು ಎಷ್ಟೆಷ್ಟು ಒಗ್ಗುತ್ತವೆಂಬುದನ್ನು ನೋಡಬಹುದು.

‘ಯಲಹಂಕ’ದಲ್ಲಿ 5 ಸಂಕೇತಗಳಿವೆ: ಯ, ಲ, ಹ, ಸೊನ್ನೆ, ಕ. ಯಾವ ಅಕ್ಷರಕ್ಕೂ ಸ್ವರಚಿಹ್ನೆ ಸೇರಿಲ್ಲ. ಸೊನ್ನೆಯು ತಾನೇ ಪ್ರತ್ಯೇಕವಾಗಿ ನಿಲ್ಲುತ್ತದೆ. ಐದು ಚಿತ್ರಗಳನ್ನು ಸಾಲಾಗಿ ಇಟ್ಟರೆ ಹೆಸರು ಸರಿಯಾಗಿಯೇ ಮೂಡುತ್ತದೆ. ‘ಮಾಕಳಿ’ಯಲ್ಲಿಯೂ 5 ಸಂಕೇತಗಳೇ, ಆದರೆ ಅವುಗಳಲ್ಲಿ ಒಂದು ಇಳಿ, ಇನ್ನೊಂದು ಗುಡಿಸು. ಇವು ಅಕ್ಷರದ ಪಕ್ಕದಲ್ಲಿ ಬಂದು ಕೂರುವ ಚಿಹ್ನೆಗಳಲ್ಲ. ಅಕ್ಷರದ ತಲಕಟ್ಟನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಬೆಸೆದುಕೊಳ್ಳುವಂಥವು. ಚಿತ್ರಗಳನ್ನು ಬರಿದೆ ಜೋಡಿಸಿದರೆ ತಲಕಟ್ಟು ಉಳಿದುಕೊಳ್ಳುತ್ತದೆ, ಗುಡಿಸು ಬೇರೆಯಾಗಿ ಒರಗುತ್ತದೆ. ‘ಯಶವಂತಪುರ’ದ 8 ಸಂಕೇತಗಳಲ್ಲಿ ತೊಡಕಾಗುವುದು ಒಂದು ಕೊಂಬು ಮಾತ್ರ, ಅದು ಪಕಾರಕ್ಕೆ, ಬೇರೆ ಅಕ್ಷರಗಳಿಗೆ ಸೇರುವಂತೆ ಪಕ್ಕದಲ್ಲಿ ಸೇರದೆ, ಕೆಳಗಿಳಿದು ಸೇರಬೇಕು.

‘ಹೆಬ್ಬಾಳ’ವು ಇವೆಲ್ಲಕ್ಕಿಂತ ಕಠಿನವಾದುದು. ಅದರ ಸಂಕೇತಗಳು 7. ಮೊದಲು ಹಕಾರ ಮತ್ತು ಎತ್ವ, ಬಳಿಕ ಒಂದು ಬಕಾರ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಬಕಾರ, ಇಳಿ, ಕಡೆಗೆ ಳಕಾರ. ಬರವಣಿಗೆಯಲ್ಲಿ ಎರಡನೆಯ ಬಕಾರ ಒತ್ತಾಗಿ ಕೆಳಗಿಳಿಯಬೇಕು. ಸಂಕೇತಕ್ರಮದಲ್ಲಿ ಅದರ ಬಳಿಕ ಬಂದ ಇಳಿಯಾದರೋ ಮೇಲಿರುವ ಮೊದಲನೆಯ ಬಕಾರದ ತಲೆಗೆ ಸೇರಬೇಕು. ಎಂದರೆ ಉಚ್ಚಾರಣೆಯ ಕ್ರಮ ಬೇರೆ, ಬರೆಯುವ ಜಾಗ ಬೇರೆ. ಇದನ್ನು ತಿಳಿಸುವ ನಿಯಮಗಳು ವ್ಯವಸ್ಥೆಯಲ್ಲಿ ಇಲ್ಲದಿದ್ದರೆ, ಫಾಂಟಿನಲ್ಲಿ ಕನ್ನಡದ ಚಿತ್ರಗಳೆಲ್ಲ ಇದ್ದರೂ ಹೆಸರು ಚೆದರಿದ ತುಂಡುಗಳಾಗಿ ತೋರುತ್ತದೆ.

ಅರಬ್ಬೀ ಲಿಪಿಗೂ ಇಂಥದೇ ಸಮಸ್ಯೆಯಿದ್ದಿತು. ಅದರ ಅಕ್ಷರಗಳು ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ರೂಪ ಬದಲಿಸುತ್ತವೆ, ಬಲದಿಂದ ಎಡಕ್ಕೆ ಸಾಗುತ್ತವೆ. ರಾಕ್‌ಬಾಕ್ಸ್‌ನಲ್ಲಿ ಇವೆರಡಕ್ಕೂ ಪರಿಹಾರ ಒದಗಿದೆ. ಆದರೆ ಅರಬ್ಬಿಗೆ ಒಂದು ಅನುಕೂಲವಿದೆ: ಅದರ ಸಂಯೋಗರೂಪಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳನ್ನೇ ಕೊಡಲಾಗಿದೆ. ಕನ್ನಡದ ಕಾಗುಣಿತಕ್ಕೂ ಒತ್ತುಗಳಿಗೂ ಹಾಗೆ ಕೊಟ್ಟಿಲ್ಲ. ಅವನ್ನು ಫಾಂಟು ಮತ್ತು ನಿಯಮಾವಳಿಗಳು ಕೂಡಿ ರೂಪಿಸಬೇಕು.

ಹಾಗೆಂದು ಕಾರ್ಯ ಅಸಾಧ್ಯವೆಂದು ತಿಳಿಯಬೇಕಾಗಿಲ್ಲ. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವರು ಅಕ್ಷರದ ಅಂಗಗಳನ್ನೂ ಒತ್ತುಗಳನ್ನೂ ಬೇರೆ ಬೇರೆ ಖಾನೆಗಳಿಂದ ಎತ್ತಿ ಪುಟಗಳನ್ನೇ ಕಟ್ಟುತ್ತಿದ್ದರು. ಯೂನಿಕೋಡ್ ಬಳಕೆ ರೂಢಿಯಾಗುವುದಕ್ಕೆ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳು ಇದೇ ಉಪಾಯದಿಂದ ಒಂದು ಫಾಂಟಿನ 256 ಸ್ಥಾನಗಳ ಮಿತಿಯೊಳಗೆ ಕನ್ನಡವನ್ನು ಹೊಂದಿಸಿದುವು. ಅಕ್ಷರಾಂಗಗಳಿಗೆ ಯೂನಿಕೋಡ್ ಖಾಸಗಿ ಬಳಕೆಗೆಂದು ಬಿಟ್ಟಿರುವ ಸಂಕೇತಗಳನ್ನು ಕೊಟ್ಟು, ತೆರೆಗೆ ಬರೆಯುವ ಮುನ್ನ ಮೂಲ ಸಂಕೇತಮಾಲೆಯನ್ನು ಅಂಗಮಾಲೆಯಾಗಿ ಪರಿವರ್ತಿಸುವ ಭಾಗವೊಂದನ್ನು ಸೇರಿಸಿದರೆ, ಕೆಲವೇ ಮೆಗಾಬೈಟ್ ಸ್ಮೃತಿಯ ಯಂತ್ರದಲ್ಲಿಯೂ ‘ಹೆಬ್ಬಾಳ’ ನೆಟ್ಟಗೆ ನಿಲ್ಲುವುದು ಸಾಧ್ಯ. ತಯಾರಕರ ಮುಚ್ಚಿದ ವ್ಯವಸ್ಥೆಯಲ್ಲಿ ನಾವು ಇದನ್ನು ಮಾಡಲಾರೆವು. ತೆರೆದ ವ್ಯವಸ್ಥೆಯಲ್ಲಿ ಮಾಡಬಲ್ಲೆವು.

ಧ್ವನಿಯ ವಿಷಯ ಇದಕ್ಕಿಂತ ಸುಲಭ. ರಾಕ್‌ಬಾಕ್ಸ್ ಯಂತ್ರದಲ್ಲಿಯೇ ಮಾತನ್ನು ಸೃಷ್ಟಿಸುವುದಿಲ್ಲ. ಗಣಕದಲ್ಲಿ ಮೊದಲೇ ಸಿದ್ಧಪಡಿಸಿದ ನುಡಿತುಣುಕುಗಳನ್ನು ಕೇಳಿಸುತ್ತದೆ. ಆದುದರಿಂದ ಊರಿನ ಹೆಸರನ್ನು ಊರಿನವರೊಬ್ಬರ ಕಂಠದಲ್ಲಿಯೇ ಹೇಳಿಸಿ ಇಡಬಹುದು. ಅಥವಾ ಕನ್ನಡ ಬಲ್ಲ ಈಸ್ಪೀಕ್ ಎನ್‌ಜಿಯಂತಹ ತಂತ್ರಾಂಶದಿಂದ ಹೇಳಿಸಬಹುದು. ಈ ದಾರಿಯಲ್ಲಿ ಬೆಂಗಳೂರಿಗೆ ತನ್ನದೇ ಪೂರ್ವಾನುಭವವುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದ ಮಾದರಿ 2001ರಲ್ಲಿ ಪ್ರಕಟವಾಯಿತು. ಅದು ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತಿದ್ದಿತು. ಓದು ಬಾರದವರಿಗೆ ಬರವಣಿಗೆಯನ್ನು ಓದಿ ಹೇಳಲೆಂದು ರಮೇಶ್ ಹರಿಹರನ್ ಅವರು ಅದಕ್ಕಾಗಿ ‘ಧ್ವನಿ’ ಎಂಬ ತಂತ್ರಾಂಶವನ್ನು ರಚಿಸಿದರು. 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದುದು ಭಾರತ್ ಎಲೆಕ್ಟ್ರಾನಿಕ್ಸ್. ಮಾಕಳಿಯಿಂದ ಯಶವಂತಪುರಕ್ಕೆ ಬರುವ ದಾರಿಯಿಂದ ಅಷ್ಟೇನೂ ದೂರವಿಲ್ಲದ ಜಾಲಹಳ್ಳಿಯ ಕಾರ್ಖಾನೆ ಅದರದು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಯಂತ್ರ ಮರೆಯಾಯಿತು. ಆದರೆ ‘ಧ್ವನಿ’ಯ ಮೂಲ ಆದೇಶಗಳು ಬಿಡುಗಡೆಗೊಂಡಿದ್ದುದರಿಂದ ಅದು ಯಂತ್ರದೊಡನೆ ಅಳಿಯದೆ, ಅನಂತರದವರ ಕೈಯಲ್ಲಿ ಭಾರತದ ಇತರ ಭಾಷೆಗಳಿಗೂ ಬೆಳೆಯಿತು.

ಇದರಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಯಂತ್ರಗಳು ಹತ್ತು ವರ್ಷಗಳಲ್ಲಿ ಹಳತಾಗುತ್ತವೆ. ಭಾಷೆಗಾಗಿ ಮಾಡಿದ ಕೆಲಸ ಅವುಗಳೊಡನೆಯೇ ಕೊನೆಗೊಳ್ಳಬೇಕೆ, ಉಳಿಯಬೇಕೆ ಎಂಬುದು ಆ ಕೆಲಸ ಮುಚ್ಚಿದ್ದೋ ತೆರೆದದ್ದೋ ಎಂಬುದನ್ನು ಅವಲಂಬಿಸಿದೆ. ನಗರ ಬೆಳೆದು, 2024ರಲ್ಲಿ ಮೆಟ್ರೋ ರೈಲು ಮಾದಾವರದವರೆಗೂ ಬಂದಿರುವ ಈ ಕಾಲದಲ್ಲಿ ಆ ಬದಿಯ ಊರುಗಳ ಪದಗಳೂ ಹೆಸರುಗಳೂ ಧ್ವನಿಮುದ್ರಣಗಳಲ್ಲಿ ಮಾತ್ರ ಉಳಿಯುವ ದಿನ ದೂರವಿಲ್ಲದಿರಬಹುದು. ಅವು ಸರಿಯಾದ ಅಕ್ಷರದಲ್ಲಿ, ಸರಿಯಾದ ಉಚ್ಚಾರಣೆಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳೂ ಗಣಕವಿಜ್ಞಾನದ ವಿದ್ಯಾರ್ಥಿಗಳೂ ಕೂಡಿ ಕೈಗೊಳ್ಳಬೇಕಾದ ಕಾರ್ಯ. ಕಾಗುಣಿತದ ಅಂಗಗಳ ಪಟ್ಟಿಯನ್ನು ಸಿದ್ಧಪಡಿಸುವುದರಿಂದ ಅದನ್ನು ಪ್ರಾರಂಭಿಸಬಹುದು.