ವಕೀಲರ ಗುಮಾಸ್ತರ ವೃತ್ತಿ

ನ್ಯಾಯಾಲಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಇಬ್ಬರು: ಪೀಠದಲ್ಲಿ ಕುಳಿತ ನ್ಯಾಯಾಧೀಶರು, ಅವರೆದುರು ವಾದಿಸುವ ಕರಿಯ ನಿಲುವಂಗಿಯ ವಕೀಲರು. ಕಡತಗಳ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಒಂದು ಕೋರ್ಟು ಹಾಲಿನಿಂದ ಇನ್ನೊಂದಕ್ಕೆ ಓಡಾಡುವ ಮೂರನೆಯವರನ್ನು ನಾವು ಗಮನಿಸುವುದು ಕಡಿಮೆ. ಅವರೇ ವಕೀಲರ ಗುಮಾಸ್ತರು. ಅಮೆರಿಕದಂಥ ದೇಶಗಳಲ್ಲಿ ಪ್ಯಾರಾಲೀಗಲ್ ಎಂಬ ಹೆಸರಿನಿಂದ ಬೆಳೆದಿರುವ ವೃತ್ತಿಗೆ ನಮ್ಮಲ್ಲಿ ತೀರ ಹತ್ತಿರವಾದದ್ದು ಈ ಗುಮಾಸ್ತಿಕೆಯೇ. ಈ ಕೆಲಸಕ್ಕೆ ಬರುವ ತರುಣ ತರುಣಿಯರು ಇದರಲ್ಲಿ ಹೇಗೆ ಬೆಳೆಯಬಹುದೆಂಬುದನ್ನು, ವಕೀಲನಾಗಿ ನಾನು ಕಂಡು ತಿಳಿದ ಮಟ್ಟಿಗೆ, ಇಲ್ಲಿ ಹೇಳಬಯಸುತ್ತೇನೆ.

ಮೊದಲು ಈ ವೃತ್ತಿಯ ಎಲ್ಲೆಯನ್ನು ತಿಳಿಯಬೇಕು. 1961ರ ವಕೀಲರ ಕಾಯಿದೆಯ ಪ್ರಕಾರ ನ್ಯಾಯಾಲಯದಲ್ಲಿ ವಕೀಲಿ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ ಸೇರಿದ್ದು. ಗುಮಾಸ್ತರು ಎಷ್ಟೇ ಅನುಭವಿಗಳಾಗಿದ್ದರೂ ವಾದಿಸುವಂತಿಲ್ಲ. ಕಕ್ಷಿದಾರರಿಗೆ ತಾವಾಗಿಯೇ ಕಾನೂನು ಸಲಹೆ ಕೊಡುವುದೂ ಅವರ ಕೆಲಸವಲ್ಲ. ಹಾಗಾದರೆ ಅವರ ಅಧೀನದಲ್ಲಿರುವುದು ಯಾವುದು? ನನ್ನ ಉತ್ತರ ಒಂದೇ: ತಾರೀಖು. ವಾದ ವಕೀಲರದು, ತೀರ್ಪು ನ್ಯಾಯಾಧೀಶರದು, ತಾರೀಖು ಗುಮಾಸ್ತರದು.

ಇದು ಉತ್ಪ್ರೇಕ್ಷೆಯೆಂದು ಯಾರಿಗಾದರೂ ತೋರಿದರೆ ಒಂದು ಲೆಕ್ಕವನ್ನು ನೋಡೋಣ. ಜಮೀನಿನ ದಾವೆಯೊಂದರಲ್ಲಿ ಜೂನ್ 1ರಂದು ರೈತನೊಬ್ಬನ ವಿರುದ್ಧ ತೀರ್ಪಾಯಿತೆನ್ನಿ. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 1963ರ ಕಾಲಪರಿಮಿತಿ ಕಾಯಿದೆ 30 ದಿನಗಳನ್ನು ಕೊಡುತ್ತದೆ. ತೀರ್ಪಿನ ದಿನವನ್ನು ಬಿಟ್ಟು ಎಣಿಸಿದರೆ ಜುಲೈ 1ಕ್ಕೆ ಗಡುವು ಮುಗಿಯುತ್ತದೆ. ಆದರೆ ಮೇಲ್ಮನವಿಗೆ ಬೇಕಾದ ನಕಲನ್ನು ಪಡೆಯಲು ಹಿಡಿದ ಅವಶ್ಯ ಸಮಯವನ್ನು ಅದೇ ಕಾಯಿದೆಯ 12ನೆಯ ಕಲಮು ಲೆಕ್ಕದಿಂದ ಬಿಟ್ಟುಕೊಡುತ್ತದೆ. ಗುಮಾಸ್ತರು ಜೂನ್ 3ರಂದು ನಕಲು ಅರ್ಜಿ ಹಾಕಿ, ಜೂನ್ 20ರಂದು ನಕಲು ಸಿದ್ಧವಾದರೆ, ಆ 18 ದಿನಗಳು ಸೇರಿ ಗಡುವು ಜುಲೈ 19ಕ್ಕೆ ಹೋಗುತ್ತದೆ. ಅಂದು ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು.

ಅರ್ಜಿ ಹಾಕುವುದು ತಡವಾದರೇನು? ಅರ್ಜಿಗೆ ಮೊದಲು ಡಿಕ್ರಿ ತಯಾರಿಸಲು ನ್ಯಾಯಾಲಯವೇ ತೆಗೆದುಕೊಂಡ ಸಮಯವನ್ನು ಲೆಕ್ಕದಿಂದ ಬಿಡಲಾಗದೆಂದು ಆ ಕಲಮಿನ ವಿವರಣೆಯೇ ಸ್ಪಷ್ಟವಾಗಿ ಹೇಳಿದೆ. ಜುಲೈ 1 ಕಳೆದ ಮೇಲೆ ಅರ್ಜಿ ಹಾಕಿದರಂತೂ ಈ ರಿಯಾಯಿತಿಯಿಂದ ಏನೂ ಪ್ರಯೋಜನವಿಲ್ಲ. ವಿಳಂಬವನ್ನು ಮನ್ನಿಸಿರೆಂದು, ಸಾಕಷ್ಟು ಕಾರಣ ತೋರಿಸಿ, ನ್ಯಾಯಾಲಯವನ್ನು ಬೇಡಬೇಕಾಗುತ್ತದೆ. ಮನ್ನಿಸುವುದು ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ರೈತನ ಜಮೀನಿನ ಗತಿ ಹೀಗೆ ಒಂದು ಸಣ್ಣ ಅರ್ಜಿಯ ಮೇಲಿನ ಮೊಹರಿನ ತಾರೀಖಿಗೆ ಅಂಟಿಕೊಂಡಿರುತ್ತದೆ.

ಆದ್ದರಿಂದ ಹೊಸದಾಗಿ ಬಂದವರು ಮೊದಲ ವರ್ಷ ಕಲಿಯಬೇಕಾದದ್ದು ಡೈರಿಯ ಶಿಸ್ತನ್ನು. ಪ್ರತಿ ಮೊಕದ್ದಮೆಯ ಹಿಂದಿನ ವಾಯಿದೆ, ಅಂದು ನಡೆದದ್ದು, ಮುಂದಿನ ವಾಯಿದೆ, ಅಷ್ಟರೊಳಗೆ ಆಗಬೇಕಾದದ್ದು, ಈ ನಾಲ್ಕನ್ನೂ ಆಯಾ ದಿನವೇ ಬರೆದಿಡಬೇಕು. ಸಮನ್ಸಿನ ಶುಲ್ಕ ಕಟ್ಟಿದೆಯೇ, ಅದು ಜಾರಿಯಾಗಿದೆಯೇ, ಕೇವಿಯಟ್ಟಿನ 90 ದಿನಗಳು ಎಂದಿಗೆ ಮುಗಿಯುತ್ತವೆ ಎಂಬುದು ಕೇಳಿದೊಡನೆ ತಿಳಿಯುವಂತಿರಬೇಕು. ಈಗ ದಿನದ ಪಟ್ಟಿ, ಮುಂದಿನ ವಾಯಿದೆ ಎಲ್ಲವೂ ಕಂಪ್ಯೂಟರಿನಲ್ಲಿ ದೊರೆಯುತ್ತವೆ. ಪ್ರತಿ ಮೊಕದ್ದಮೆಗೂ 16 ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆಯಿದೆ. ಇವುಗಳ ಬಳಕೆಯನ್ನು ಕಲಿಯಲೇಬೇಕು. ಆದರೆ ಯಂತ್ರ ವಾಯಿದೆಯನ್ನು ತೋರಿಸೀತೇ ಹೊರತು, ಅದರೊಳಗೆ ಆಗಬೇಕಾದ ಕೆಲಸವನ್ನು ನಮಗಾಗಿ ಮಾಡಿಕೊಡದು.

ಎರಡನೆಯ ಹಂತ ದಾಖಲೆಗಳದು. ಪಹಣಿಯ ಕಲಮುಗಳನ್ನು ಓದುವುದು, ಋಣಭಾರ ಪತ್ರವನ್ನು ಕ್ರಯಪತ್ರದೊಡನೆ ತಾಳೆ ನೋಡುವುದು, ಚಕ್ಕುಬಂದಿಯಲ್ಲಿನ ವ್ಯತ್ಯಾಸವನ್ನು ಗುರುತಿಸುವುದು ಇಲ್ಲಿ ಸೇರುತ್ತವೆ. ಮೂರನೆಯದು ಕರಡು ಬರೆಯುವುದು: ವಕಾಲತ್ತು, ಪ್ರಮಾಣಪತ್ರ, ಸಣ್ಣ ಅರ್ಜಿಗಳು. ಬರೆದದ್ದನ್ನು ವಕೀಲರು ತಿದ್ದಿದಾಗ ತಿದ್ದುಪಡಿಯ ಕಾರಣವನ್ನು ಕೇಳಿ ತಿಳಿಯುವವರು ಬೇಗ ಮುಂದೆ ಬರುತ್ತಾರೆ. ಕಚೇರಿಯ ಹಿರಿಯ ಗುಮಾಸ್ತರಾಗುವವರು ಇಂಥವರೇ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ವಕೀಲರೇ ಆಗಬಯಸುವವರು ಪದವಿಯ ನಂತರ 3 ವರ್ಷ ಅಥವಾ ಪಿಯುಸಿಯ ನಂತರ 5 ವರ್ಷ ಕಾನೂನು ಓದಬೇಕು. ತರಗತಿಯ ಹಾಜರಿ ಕಡ್ಡಾಯವಾದ್ದರಿಂದ ನೌಕರಿಯ ಜೊತೆಗೆ ಇದು ಸುಲಭವಲ್ಲ. ನಿರ್ಧಾರವನ್ನು ಬೇಗನೆ ಮಾಡುವುದು ಲೇಸು. ಸೇವೆಯ ಕಡೆಗೆ ಒಲವುಳ್ಳವರಿಗೆ ಇನ್ನೊಂದು ಬಾಗಿಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಿಂದ ರಚಿತವಾದ ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸನ್ನಡತೆಯ ವಿದ್ಯಾವಂತ ಕೈದಿಗಳು ಕೂಡ ತರಬೇತಿ ಪಡೆದು, ಬಡವರನ್ನು ಉಚಿತ ಕಾನೂನು ನೆರವಿನ ಬಳಿಗೆ ಕರೆದೊಯ್ಯುವ ಕೆಲಸವಿದು. ಇದಕ್ಕೆ ದೊರೆಯುವುದು ಗೌರವಧನ, ಸಂಬಳವಲ್ಲ. ಇದನ್ನೇ ಜೀವನೋಪಾಯವೆಂದು ನಂಬಬಾರದು.

ಸಂಬಳದ ಮಾತು ಬಂದುದರಿಂದ ಒಂದು ಕಟುಸತ್ಯವನ್ನೂ ಹೇಳಬೇಕು. ಈ ವೃತ್ತಿಯಲ್ಲಿ ನೇಮಕದ ಪತ್ರ, ಸಂಬಳದ ಬಡ್ತಿ, ವೃದ್ಧಾಪ್ಯದ ಆಸರೆ ಇವು ಬಹುಮಟ್ಟಿಗೆ ವಕೀಲರ ಸೌಜನ್ಯವನ್ನೇ ಅವಲಂಬಿಸಿವೆ. ಆಂಧ್ರಪ್ರದೇಶವು 1992ರಲ್ಲಿ, ಕೇರಳವು 2003ರಲ್ಲಿ ಗುಮಾಸ್ತರ ಕಲ್ಯಾಣ ನಿಧಿಗೆಂದೇ ಕಾಯಿದೆಗಳನ್ನು ಮಾಡಿದವು. ಕಾಯಿದೆಯ ಆಸರೆ ಇರಲಿ ಇಲ್ಲದಿರಲಿ, ನೇಮಕದ ಷರತ್ತನ್ನು ಬರಹದಲ್ಲಿ ಕೇಳಿ ಪಡೆಯುವುದು ಉದ್ಧಟತನವಲ್ಲ. ದಿನವೂ ಬರಹದ ಮಹತ್ವವನ್ನು ವಾದಿಸುವ ನಾವು ವಕೀಲರು ಅದನ್ನು ಕೊಡಲು ಹಿಂಜರಿಯಲೂ ಬಾರದು.

ಕೊನೆಯದಾಗಿ ಪ್ರಾಮಾಣಿಕತೆ. ಕಕ್ಷಿದಾರರು ಕೋರ್ಟ್ ಫೀಗೆಂದು ಕೊಟ್ಟ ಹಣಕ್ಕೆ ರಸೀದಿ ಕೊಡುವವರು, ವಾಯಿದೆ ಮುಂದೆ ಹೋದಾಗ ನಿಜವಾದ ಕಾರಣವನ್ನೇ ತಿಳಿಸುವವರು, ದಲ್ಲಾಳಿಗಳಿಂದ ದೂರವಿರುವವರು ಊರಿನಲ್ಲಿ ಹೆಸರು ಗಳಿಸುತ್ತಾರೆ. ಹಳ್ಳಿಯಿಂದ ಬಂದ ಕಕ್ಷಿದಾರನಿಗೆ ವಕೀಲರ ವಾದ ಅರ್ಥವಾಗದಿರಬಹುದು. ತನ್ನ ಕಾಗದ ಸರಿಯಾದ ದಿನಕ್ಕೆ, ಸರಿಯಾದ ಮೇಜಿಗೆ ತಲುಪಿತೆಂಬುದು ಅವನಿಗೂ ಅರ್ಥವಾಗುತ್ತದೆ. ಆ ನಂಬಿಕೆಯನ್ನು ಗಳಿಸಿದವರಿಗೆ ಈ ವೃತ್ತಿಯಲ್ಲಿ ಕೆಲಸ ತಪ್ಪಿದ್ದನ್ನು ನಾನು ಕಂಡಿಲ್ಲ.