ಅಟ್ಲಾಸ್ ಪತಂಗದ ಹೊರೆ

ಮಲೆನಾಡಿನ ತೋಟದಂಚಿನ ದಾಲ್ಚಿನ್ನಿ ಮರದಲ್ಲಿ ಒಣಗಿದ ಎಲೆಯೊಂದು ಗಾಳಿಗೂ ಉದುರದೆ ನೇತಾಡುತ್ತಿದ್ದರೆ, ಅದರ ತೊಟ್ಟನ್ನು ಗಮನಿಸಬೇಕು. ತೊಟ್ಟಿನಿಂದ ಕೊಂಬೆಯವರೆಗೆ ಕಂದು ರೇಷ್ಮೆ ಸುತ್ತಿಕೊಂಡಿದ್ದರೆ ಒಳಗೆ ಅಟ್ಲಾಸ್ ಪತಂಗದ ಕೋಶವಿರಬಹುದು. ಹಿಪ್ಪುನೇರಳೆ ರೇಷ್ಮೆಗೂಡಿನಂತೆ ಇದನ್ನು ಒಂದೇ ಎಳೆಯಾಗಿ ಬಿಚ್ಚಲಾಗದು. ಎಳೆಗಳು ತುಂಡು ತುಂಡು, ಆದರೆ ಬಲು ಗಟ್ಟಿ. ತೈವಾನಿನಲ್ಲಿ ಖಾಲಿ ಗೂಡುಗಳನ್ನು ಹಣದ ಚೀಲವಾಗಿ ಬಳಸಿದ್ದುಂಟು.

ಮಳೆ ಹೊಳವಾದ ಒಂದು ಬೆಳಿಗ್ಗೆ ಹೆಣ್ಣೊಂದು ಹೊರಬಂದು ಗೂಡಿಗೇ ಜೋತುಬಿದ್ದಿತ್ತು. ಮುದುಡಿದ ರೆಕ್ಕೆಗಳಿಗೆ ದೇಹದ ದ್ರವ ತುಂಬುತ್ತ ಬಂದಂತೆ ಅವು ಇಳಿಬಿದ್ದು ಅಗಲವಾದವು. ಇಟ್ಟಿಗೆಗೆಂಪು ಹರವಿನಲ್ಲಿ ಬಿಳಿ, ಗುಲಾಬಿ, ಕಪ್ಪು ಗೆರೆಗಳು. ನಡುವೆ ಹುರುಪೆಗಳಿಲ್ಲದ ಮುಕ್ಕೋನದ ಪಾರದರ್ಶಕ ಕಿಂಡಿಗಳು. ಮುಂದಿನ ರೆಕ್ಕೆಯ ತುದಿಯಲ್ಲಿ ಹಾವಿನ ಹೆಡೆಯನ್ನು ನೆನಪಿಸುವ ಬಾಗು. ಈ ಗೆರೆಗಳನ್ನು ಕಂಡವರು ಅಟ್ಲಾಸ್ ಎಂದರೆ ಭೂಪಟದ ಪುಸ್ತಕ, ಅದಕ್ಕೇ ಈ ಹೆಸರು ಎನ್ನುತ್ತಾರೆ.

ಹೆಸರು ಪುಸ್ತಕಕ್ಕಿಂತ ಬಹಳ ಹಳೆಯದು. ಗ್ರೀಕ್ ಪುರಾಣದ ಅಟ್ಲಾಸ್ ಆಕಾಶವನ್ನು ಹೆಗಲಲ್ಲಿ ಹೊತ್ತ ದೈತ್ಯ. ಮೊರಾಕೊದಿಂದ ಟುನೀಶಿಯಾದವರೆಗೆ ಹಬ್ಬಿದ ಪರ್ವತಸಾಲು ಅವನ ಹೆಸರಿನದು. ನಮ್ಮ ತಲೆಬುರುಡೆಯನ್ನು ಹೊತ್ತ ಕತ್ತಿನ ಮೊದಲ ಕಶೇರುವೂ ಅಟ್ಲಾಸ್. ಮರ್ಕೇಟರ್‌ನ ಭೂಪಟ ಸಂಗ್ರಹ ಅವನು ತೀರಿಕೊಂಡ ಮರುವರ್ಷ, 1595ರಲ್ಲಿ, ಈ ಹೆಸರು ಹೊತ್ತು ಬಂತು. ಅವನ ಮನಸ್ಸಿನಲ್ಲಿದ್ದವನು ಖಗೋಳ ಬಲ್ಲ ಮಾರಿಟೇನಿಯದ ದೊರೆ ಅಟ್ಲಾಸ್. ಲಿನ್ನೇಯಸ್ 1758ರಲ್ಲಿ ಏಷ್ಯಾದ ದೊಡ್ಡ ಪತಂಗಕ್ಕೆ ಅಟ್ಲಾಸ್ ಎಂದು ಹೆಸರಿಟ್ಟ. ಅದರ ರೆಕ್ಕೆಯಗಲ 24 ಸೆಂಟಿಮೀಟರ್ ಮುಟ್ಟುವುದುಂಟು. ನಮ್ಮ ಪಶ್ಚಿಮಘಟ್ಟ ಮತ್ತು ಶ್ರೀಲಂಕಾದಲ್ಲಿರುವುದು ಅದರ ಹತ್ತಿರದ ಬಂಧು, ಅಟಾಕಸ್ ಟ್ಯಾಪ್ರೊಬಾನಿಸ್.

ಈ ಜೀವಿಯನ್ನು ಹತ್ತಿರದಿಂದ ನೋಡುತ್ತ ನನಗೆ ನಕ್ಷೆಯ ಅರ್ಥಕ್ಕಿಂತ ಹೊರೆಯ ಅರ್ಥವೇ ಸರಿಯೆನಿಸಿದೆ. ಬೆಳೆದ ಪತಂಗಕ್ಕೆ ಉಣ್ಣುವ ಬಾಯಿಲ್ಲ. ಬಿಳಿ ಪುಡಿ ಬಳಿದಂತಿರುವ ಹಸಿರು ಮರಿಹುಳು ಎಲೆ ತಿಂದು ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ರೆಕ್ಕೆ ಬೀಸುವುದಕ್ಕೂ ಸಂಗಾತಿಯನ್ನು ಹುಡುಕುವುದಕ್ಕೂ ಮೊಟ್ಟೆಯಿಡುವುದಕ್ಕೂ ಅದೇ ಸಾಲಬೇಕು. ಆಯುಸ್ಸು ಒಂದೆರಡು ವಾರ ಮಾತ್ರ. ಹೆಣ್ಣು ಹೆಚ್ಚು ಅಲೆಯದೆ ಗೂಡಿನ ಬಳಿಯೇ ಕೂತು ಗಂಧ ಸೂಸುತ್ತದೆ. ಗಂಡು ತನ್ನ ಅಗಲವಾದ ಗರಿಮೀಸೆಯಿಂದ ಗಾಳಿಯಲ್ಲಿ ತೇಲಿಬಂದ ಆ ಗಂಧ ಹಿಡಿದು ಕತ್ತಲಲ್ಲಿ ದೂರದಿಂದ ಬರುತ್ತದೆ.

ಆ ದಾರಿಯಲ್ಲಿ ಸಿಗುವ ಒಂದು ಜಗಲಿ ದೀಪ ಎಲ್ಲವನ್ನೂ ಕೆಡಿಸಬಲ್ಲದು. ಬೆಳಕಿಗೆ ಸಿಲುಕಿದ ಪತಂಗ ಸುತ್ತಿ ಸುತ್ತಿ ಖರ್ಚು ಮಾಡುವ ಶಕ್ತಿಯನ್ನು ಮತ್ತೆ ತುಂಬಿಕೊಳ್ಳಲಾರದು. ಬೆಳಗಾಗುವಾಗ ಗೋಡೆಯ ಮೇಲೆ ಹಕ್ಕಿಗಳ ಕಣ್ಣಿಗೆ ಬೀಳುತ್ತದೆ. ಮಳೆಗಾಲದ ರಾತ್ರಿ ಬೇಡದ ದೀಪ ಆರಿಸಿ. ಕೊಂಬೆ ಸವರುವ ಮುನ್ನ ನೇತಾಡುವ ಒಣಗೆಲೆಯ ತೊಟ್ಟು ನೋಡಿ. ರೇಷ್ಮೆ ಕಂಡರೆ ಆ ಕೊಂಬೆಯನ್ನು ಹಾಗೇ ಬಿಡಿ. ಇಷ್ಟು ಮಾಡಲು ತಜ್ಞರಾಗಬೇಕಿಲ್ಲ, ತೋಟವಿದ್ದವರೆಲ್ಲರೂ ಮಾಡಬಹುದು.